ಗುದ್ದಿದ ಕಾರು ಎಲ್ಲಿ ನಿಲ್ಲುತ್ತದೆ?

ರೇಸ್ ಟ್ರ್ಯಾಕ್‌ಗಳ ಸುರಕ್ಷತೆ ನೋಡಿಕೊಳ್ಳುವ ಕೆಲಸ ನನ್ನದು ಅಂದ ಕೂಡಲೇ ಜನ ಕೇಳುತ್ತಾರೆ: ‘ಅಪಾಯದ ತಿರುವಿನಲ್ಲಿ ಸ್ಪೀಡ್ ಯಾಕೆ ಕಡಿಮೆ ಮಾಡಿಸಲ್ಲ?’ ಕೇಳಬೇಕಾದ ಪ್ರಶ್ನೆಯೇ. ಆದರೆ ನಕ್ಷೆ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಬೇರೆಯದನ್ನು. ಗೋಡೆಗೆ ಬಡಿದ ಕಾರು ಆಮೇಲೆ ಎಲ್ಲಿಗೆ ಹೋಗಿ ನಿಲ್ಲುತ್ತದೆ? ಹಿಂದೆ ಬರುವವರಿಗೆ ಅದು ಕಾಣುತ್ತದಾ?

ಬೆಲ್ಜಿಯಂನ ಸ್ಪಾ-ಫ್ರಾಂಕೋಶಾಂ ಟ್ರ್ಯಾಕ್‌ನ ಓ ರೂಜ್ ಮತ್ತು ರೇದಿಯೋಂ ತಿರುವುಗಳನ್ನೇ ನೋಡಿ. ಇಳಿಜಾರಿನಲ್ಲಿ ಬಂದು ತಗ್ಗಿನಲ್ಲಿ ಎಡಕ್ಕೆ ತಿರುಗಬೇಕು, ತಕ್ಷಣ ಬಲಕ್ಕೆ ಹೊರಳಿ ಗುಡ್ಡ ಏರಬೇಕು. ತುದಿಯಲ್ಲಿ ಮತ್ತೆ ಎಡ. ಏರುವಾಗ ಆಚೆ ಏನಿದೆ ಅಂತ ಚಾಲಕನಿಗೆ ಕಾಣುವುದೇ ಇಲ್ಲ.

2019ರ ಆಗಸ್ಟ್ 31, ಅಲ್ಲಿ ಫಾರ್ಮುಲಾ 2 ರೇಸ್, ಅಂದರೆ ಫಾರ್ಮುಲಾ 1ಕ್ಕಿಂತ ಒಂದು ಮೆಟ್ಟಿಲು ಕೆಳಗಿನದು. ಮುಂದಿನ ಕಾರೊಂದು ಹಿಡಿತ ತಪ್ಪಿತು. ಆ ಗೊಂದಲದಲ್ಲಿ ಆಂಟ್ವಾನ್ ಹ್ಯೂಬರ್ಟ್ ಅವರ ಕಾರು ಗಂಟೆಗೆ 216 ಕಿ.ಮೀ. ವೇಗದಲ್ಲಿ ತಡೆಗೋಡೆಗೆ ಬಡಿಯಿತು. ಆ ಪೆಟ್ಟು 33.7 ಜಿ, ಅಂದರೆ ಭೂಮಿಯ ಸೆಳೆತದ 33.7 ಪಟ್ಟು. ಕಾರು ಪುಟಿದು, ಗಿರಕಿ ಹೊಡೆದು, ಹೆಚ್ಚುಕಮ್ಮಿ ನಿಂತೇಬಿಟ್ಟಿತ್ತು. ಆಗ ಹುವಾನ್ ಮ್ಯಾನುಯೆಲ್ ಕೊರಿಯಾ ಅವರ ಕಾರು 218 ಕಿ.ಮೀ. ವೇಗದಲ್ಲಿ ಅದರ ಮಗ್ಗುಲಿಗೆ ನುಗ್ಗಿತು. ಈ ಪೆಟ್ಟು 81.8 ಜಿ. ಹ್ಯೂಬರ್ಟ್ ಉಳಿಯಲಿಲ್ಲ. ಕೊರಿಯಾ ಅವರ ಕಾಲುಗಳಿಗೆ ತೀವ್ರ ಗಾಯವಾಯಿತು.

ಎರಡೂ ಪೆಟ್ಟಿನ ಅಂಕಿ ಪಕ್ಕಪಕ್ಕ ಇಟ್ಟು ನೋಡಿ. ಜೀವ ತೆಗೆದದ್ದು ಎರಡನೆಯದು. 218 ಕಿ.ಮೀ. ಅಂದರೆ ಸೆಕೆಂಡಿಗೆ 60 ಮೀಟರ್. ಟ್ರ್ಯಾಕ್ ಪಕ್ಕದಲ್ಲಿ ನಿಂತು ಕಾಯುವ ಮಾರ್ಷಲ್ ಎರಡೇ ಸೆಕೆಂಡಿನಲ್ಲಿ ಎಚ್ಚರಿಕೆಯ ಹಳದಿ ಬಾವುಟ ಬೀಸಿದರೂ ಅಷ್ಟರಲ್ಲಿ ಕಾರು 120 ಮೀಟರ್ ಬಂದಾಗಿರುತ್ತದೆ, ಅಲ್ವಾ? ಯಾರನ್ನು ಅಂತ ದೂರುವುದು?

ಸುಲಭದ ದಾರಿ ಶಿಕೇನ್. ಅಂದರೆ ಅಡ್ಡಾದಿಡ್ಡಿ ಸಣ್ಣ ತಿರುವು ಹಾಕಿ ವೇಗ ಮುರಿಯುವುದು. ಇಟಲಿಯ ಇಮೋಲಾದಲ್ಲಿ ತಂಬುರೆಲ್ಲೋ ತಿರುವಿಗೆ ಅದನ್ನೇ ಮಾಡಿದರು. 1989ರಲ್ಲಿ ಫಾರ್ಮುಲಾ 1 ಚಾಲಕ ಬರ್ಗರ್ ಅವರ ಕಾರು ಹೊತ್ತಿ ಉರಿದದ್ದು, 1994ರಲ್ಲಿ ಇನ್ನೊಬ್ಬ ಫಾರ್ಮುಲಾ 1 ಚಾಲಕ ಸೆನ್ನಾ ಅವರ ಜೀವ ತೆಗೆದ ಅಪಘಾತವಾದದ್ದು ಅಲ್ಲೇ. ಗೋಡೆಯ ಹಿಂದೆಯೇ ಸಾಂಟೆರ್ನೊ ನದಿ, ಗೋಡೆ ಹಿಂದಕ್ಕೆ ಸರಿಸಲು ಜಾಗವಿಲ್ಲ. ಹಾಗಾಗಿ 1995ರಲ್ಲಿ ಶಿಕೇನ್ ಬಂತು, ಸರಿಯಾಗಿಯೇ ಬಂತು. ಸ್ಪಾದಲ್ಲೂ 1994ರಲ್ಲಿ ತಾತ್ಕಾಲಿಕವಾಗಿ ಹಾಕಿದ್ದರು. ಅಲ್ಲಿ ಅದನ್ನೇ ಕಾಯಂ ಮಾಡಬೇಕಿತ್ತು ಅಂತ ನನಗೆ ಅನಿಸುವುದಿಲ್ಲ. ಅಲ್ಲಿ ಜಾಗ ಮಾಡಿಕೊಳ್ಳಬಹುದಿತ್ತು.

2022ರ ಹೊತ್ತಿಗೆ ಅದೇ ಆಯಿತು. ರೇದಿಯೋಂನಲ್ಲಿ ತಡೆಗೋಡೆಗಳನ್ನು ಹಿಂದಕ್ಕೆ ತಳ್ಳಿದರು, ಪಕ್ಕದ ಜಾಗ ಅಗಲ ಮಾಡಿದರು, ಜಲ್ಲಿ ಹಾಸನ್ನು ಮತ್ತೆ ತಂದರು. ಡಾಂಬರು ಹಾಸಿದ್ದರೆ ಬ್ರೇಕ್ ಹಿಡಿಯುತ್ತದೆ, ನಿಜ. ಆದರೆ ಬಡಿದು ಪುಟಿದ ಕಾರು ಅದರ ಮೇಲೆ ಸಲೀಸಾಗಿ ಜಾರಿ ಟ್ರ್ಯಾಕ್‌ಗೆ ವಾಪಸ್ ಬರಬಹುದು. ಜತೆಗೆ, ತಪ್ಪು ಮಾಡಿದರೂ ಏನೂ ಆಗಲ್ಲ ಅಂತ ಗೊತ್ತಾದರೆ ಚಾಲಕರು ಸುಮ್ನೆ ಆಕ್ಸಿಲರೇಟರ್ ಒತ್ತಿಕೊಂಡೇ ಹೋಗುತ್ತಾರೆ.

ಜಲ್ಲಿ ಅಂದರೆ ಕಾಂಕ್ರೀಟ್‌ಗೆ ಹಾಕುವ ಚೂಪು ಜಲ್ಲಿಯಲ್ಲ. ಅದು ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗುತ್ತದೆ. ಇಲ್ಲಿ ಬೇಕಾದದ್ದು ಉರುಟಾದ ಸಣ್ಣ ಕಲ್ಲು, ಸುಮಾರು ಒಂದು ಗೇಣು ಆಳಕ್ಕೆ. ಕಾಲಿಟ್ಟರೆ ಶೂ ಹುದುಗಬೇಕು. ಮಳೆ, ಧೂಳು ಸೇರಿ ಅದೂ ಗಟ್ಟಿಯಾಗುತ್ತದೆ, ಹೊಲಕ್ಕೆ ಕುಂಟೆ ಹೊಡೆದ ಹಾಗೆ ಆಗಾಗ ಕೆದಕಿ ಸಡಿಲ ಮಾಡುತ್ತಲೇ ಇರಬೇಕು. ಹಾಗಂತ ಜಲ್ಲಿಯನ್ನೇ ಪೂರ್ತಿ ನಂಬುವ ಹಾಗಿಲ್ಲ. 1999ರಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಟ್ರ್ಯಾಕ್‌ನಲ್ಲಿ ಬ್ರೇಕ್ ಕೈಕೊಟ್ಟಾಗ ಫಾರ್ಮುಲಾ 1 ಚಾಲಕ ಶುಮಾಕರ್ ಅವರ ಕಾರು ಜಲ್ಲಿಯ ಮೇಲೆ ಹಾರಿಕೊಂಡೇ ಹೋಗಿ ಟೈರ್ ಗೋಡೆಗೆ ಬಡಿದು ಅವರ ಕಾಲು ಮುರಿಯಿತು.

ಟೈರ್ ಗೋಡೆಯದ್ದೂ ಒಂದು ಗುಟ್ಟಿದೆ. ಟೈರ್‌ಗಳನ್ನು ಬೋಲ್ಟ್ ಹಾಕಿ ಒಂದಕ್ಕೊಂದು ಬಿಗಿದು, ಮುಂದೆ ಕನ್ವೇಯರ್ ಬೆಲ್ಟ್ ಹೊದಿಸುತ್ತಾರೆ. ಬೆಲ್ಟ್ ಇದ್ದರೆ ಓರೆಯಾಗಿ ಬಂದ ಕಾರು ಸಿಕ್ಕಿಕೊಳ್ಳದೆ ಉಜ್ಜಿಕೊಂಡು ಹೋಗುತ್ತದೆ. ಇಲ್ಲದಿದ್ದರೆ ಮೂತಿ ಒಳಗೆ ತೂರಿ ಕಾರು ಗಿರ್ರನೆ ತಿರುಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಸ್ಪಾದಲ್ಲಿ 2023ರ ಜುಲೈ 1ರಂದು ಮಳೆಯಲ್ಲಿ ನಡೆದ ಕಿರಿಯರ ರೇಸ್‌ನಲ್ಲಿ ಡಿಲಾನೊ ವ್ಯಾನ್ ಟ್ ಹಾಫ್ ಸತ್ತರು. ರೇದಿಯೋಂ ದಾಟಿದ ಮೇಲಿನ ನೇರ ದಾರಿಯಲ್ಲಿ, ಚಕ್ರಗಳು ಎಬ್ಬಿಸಿದ ನೀರಿನ ಮಬ್ಬಿನಲ್ಲಿ, ಅವರ ಕಾರಿಗೆ ಇನ್ನೊಂದು ಕಾರು ಬಡಿಯಿತು. ಅಲ್ಲಿ ಕೊಲ್ಲುವುದು ಜಾಗದ ಕೊರತೆಯಲ್ಲ, ಕಣ್ಣಿಗೆ ಕಾಣದಿರುವುದು. ಅದಕ್ಕೆ ಗುಡ್ಡ ಅಗೆದು ಪರಿಹಾರವಿಲ್ಲ.

ಫ್ರಾನ್ಸ್‌ನ ಲೆ ಮಾನ್‌ನ 24 ಗಂಟೆ ರೇಸ್‌ನಲ್ಲಿ ಸ್ಲೋ ಝೋನ್ ಪದ್ಧತಿ ಇದೆ. ಅಪಘಾತವಾದ ಭಾಗದಲ್ಲಿ ಮಾತ್ರ ಎಲ್ಲರೂ 80 ಕಿ.ಮೀ.ಗೆ ಇಳಿಯಬೇಕು. ಮಳೆ ಬಿದ್ದಾಗ ಸ್ಪಾದ ಈ ಏರಿಗೂ ಅಂಥದ್ದೇ ಬೇಕು ಅನ್ನುವುದು ನನ್ನ ವಾದ. ಅದೂ ಮಾರ್ಷಲ್ ಕೈಗೆ ಕಾಯದೆ, ಕಾರೊಂದು ಅಡ್ಡ ತಿರುಗಿದ ಕೂಡಲೇ ಹಿಂದಿನವರ ಸ್ಟೀರಿಂಗ್ ಮೇಲೆ ತಾನಾಗೇ ದೀಪ ಹೊತ್ತಬೇಕು. ಖರ್ಚಿನ ಮಾತು ಬಂದರೆ, ಮೊದಲು ಇದನ್ನು ಅಳವಡಿಸಬೇಕಾದದ್ದು ಫಾರ್ಮುಲಾ 1ಕ್ಕಲ್ಲ, ಕಿರಿಯರ ರೇಸ್‌ಗಳಿಗೆ. ಅಲ್ಲಿ ಕಾರುಗಳು ಜಾಸ್ತಿ, ಅನುಭವ ಕಡಿಮೆ.