ಲೆಫ್ಟಿನೆಂಟ್ ಗವರ್ನರ್: ಕೆನಡಾದಲ್ಲಿ ಈ ಪದದ ಅರ್ಥ

ಕೆನಡಾದ ಸುದ್ದಿಯಲ್ಲಿ ‘ಲೆಫ್ಟಿನೆಂಟ್ ಗವರ್ನರ್’ ಎಂದು ಕಂಡ ಕೂಡಲೇ ನಮಗೆ ದೆಹಲಿ, ಪುದುಚೇರಿಗಳ ಉಪರಾಜ್ಯಪಾಲರು ನೆನಪಾಗುತ್ತಾರೆ. ಎಡವುವುದು ಅಲ್ಲೇ. ನಮ್ಮಲ್ಲಿ ಅದು ಕೇಂದ್ರಾಡಳಿತ ಪ್ರದೇಶದ ಹುದ್ದೆ. ಕೆನಡಾದಲ್ಲಿ ಕೇಂದ್ರದಡಿಯ ಮೂರು ಟೆರಿಟರಿಗಳಿಗೆ ಇರುವವರು ಕಮಿಷನರ್‌ಗಳು. ಲೆಫ್ಟಿನೆಂಟ್ ಗವರ್ನರ್ ಇರುವುದು ಹತ್ತು ಪ್ರಾಂತ್ಯಗಳಲ್ಲಿ, ಹೆಚ್ಚುಕಡಿಮೆ ನಮ್ಮ ರಾಜ್ಯಪಾಲರ ಜಾಗದಲ್ಲಿ. ಪದ ಫ್ರೆಂಚ್ ಮೂಲದ್ದು: ಇನ್ನೊಬ್ಬರ ಸ್ಥಾನ ಹಿಡಿದಿರುವವರು ಎಂದರ್ಥ. ಯಾರ ಸ್ಥಾನ? ಇಡೀ ದೇಶದ ಮಟ್ಟದಲ್ಲಿ ದೊರೆಯ ಪ್ರತಿನಿಧಿಯಾದ ಗವರ್ನರ್ ಜನರಲ್ ಅವರದ್ದಲ್ಲ, ನೇರವಾಗಿ ದೊರೆಯದ್ದು; ಬ್ರಿಟನ್ನಿನ ದೊರೆಯೇ ಕೆನಡಾಕ್ಕೂ ದೊರೆ. 1892ರಲ್ಲೇ ಲಂಡನ್ನಿನ ಪ್ರಿವಿ ಕೌನ್ಸಿಲ್, ಅಂದರೆ ಆಗ ಕೆನಡಾದ ಕೊನೆಯ ಮೇಲ್ಮನವಿ ಪೀಠ, ಇದನ್ನು ಇತ್ಯರ್ಥ ಮಾಡಿದೆ. ಹಾಗಾಗಿ ‘ಉಪ’ ಎಂಬ ಪೂರ್ವಪ್ರತ್ಯಯ ಇಲ್ಲಿ ದಾರಿ ತಪ್ಪಿಸುತ್ತದೆ. ಇಂಗ್ಲಿಷ್ ಪದವನ್ನೇ ಉಳಿಸಿಕೊಳ್ಳುವುದು ಲೇಸು.

ನೇಮಿಸುವುದು ಗವರ್ನರ್ ಜನರಲ್, ಸಲಹೆ ದೇಶದ ಪ್ರಧಾನಿಯದು. ಐದು ವರ್ಷದೊಳಗೆ ಕಾರಣ ತಿಳಿಸದೆ ತೆಗೆಯುವಂತಿಲ್ಲ. ರಾಜಕಾರಣಿಗಳೂ ಈ ಹುದ್ದೆಗೆ ಬರುತ್ತಾರೆ, ಆದರೆ ಬಂದ ಮೇಲೆ ಪಕ್ಷದ ಮಾತಿಲ್ಲ.

ಲಿಂಕನ್ ಅಲೆಗ್ಸಾಂಡರ್ ಅವರನ್ನೇ ನೋಡಿ. 1922ರಲ್ಲಿ ಟೊರಾಂಟೊದಲ್ಲಿ ಹುಟ್ಟಿದರು. ಕೆರಿಬಿಯನ್‌ನಿಂದ ವಲಸೆ ಬಂದ ಕುಟುಂಬ, ತಂದೆ ರೈಲ್ವೆ ಪೋರ್ಟರ್, ತಾಯಿ ಮನೆಗೆಲಸದವರು. ಎರಡನೇ ಮಹಾಯುದ್ಧದಲ್ಲಿ ವಾಯುಪಡೆ, ಆಮೇಲೆ ವಕೀಲಿಕೆ. 1968ರಲ್ಲಿ ಹ್ಯಾಮಿಲ್ಟನ್ ವೆಸ್ಟ್‌ನಿಂದ ಗೆದ್ದು ಕೆನಡಾದ ಮೊದಲ ಕಪ್ಪುವರ್ಣೀಯ ಸಂಸದರಾದರು. 1979ರಲ್ಲಿ ಜೋ ಕ್ಲಾರ್ಕ್ ಸಂಪುಟದಲ್ಲಿ ಕಾರ್ಮಿಕ ಸಚಿವರು. 1980ರಲ್ಲಿ ಸ್ಥಾನ ಬಿಟ್ಟು ಒಂಟಾರಿಯೊದ ಕಾರ್ಮಿಕರ ಪರಿಹಾರ ಮಂಡಳಿಯ ಅಧ್ಯಕ್ಷತೆ ವಹಿಸಿದರು. ಚುನಾವಣಾ ಕಣದಿಂದ ದೂರವಿದ್ದ ಈ ಐದು ವರ್ಷ ಮುಖ್ಯ. 1985ರಲ್ಲಿ ಒಂಟಾರಿಯೊದ ಲೆಫ್ಟಿನೆಂಟ್ ಗವರ್ನರ್ ಆದಾಗ ಅವರು ಕನ್ಸರ್ವೇಟಿವ್ ಪಕ್ಷದಿಂದ ಬಂದವರು, ಪ್ರಾಂತ್ಯದಲ್ಲಿದ್ದದ್ದು ಲಿಬರಲ್ ಸರ್ಕಾರ. 1990ರ ಚುನಾವಣೆಯ ನಂತರ ನ್ಯೂ ಡೆಮಾಕ್ರಟಿಕ್ ಪಕ್ಷದ್ದು. ಎರಡರ ಮಸೂದೆಗಳಿಗೂ ಅಂಕಿತ ಹಾಕಿದ್ದು ಅದೇ ಕೈ. 1991ರವರೆಗೆ ಅವರು ಒತ್ತು ಕೊಟ್ಟದ್ದು ಯುವಜನ, ಶಿಕ್ಷಣ ಮತ್ತು ಜನಾಂಗೀಯ ಭೇದದ ವಿರುದ್ಧದ ಕೆಲಸಕ್ಕೆ.

ಪ್ರಾಂತ್ಯದ ಸದನದ ಮೂರನೇ, ಅಂದರೆ ಕೊನೆಯ ಓದಿನಲ್ಲಿ ಪಾಸಾದ ಮಸೂದೆಗೆ ಒಪ್ಪಿಗೆ ಕೊಡುವುದು, ತಡೆಯುವುದು, ಕೇಂದ್ರದ ತೀರ್ಮಾನಕ್ಕೆ ಕಾಯ್ದಿರಿಸುವುದು: ಕಾಗದದ ಮೇಲೆ ಮೂರೂ ದಾರಿಗಳಿವೆ. ಕೊನೆಯ ಬಾರಿ ಕಾಯ್ದಿರಿಸಿದ್ದು 1961ರಲ್ಲಿ, ಸಸ್ಕಾಚವಾನ್‌ನಲ್ಲಿ. ಕೇಂದ್ರ ಸಂಪುಟವೇ ಮಧ್ಯೆ ಬಂದು ಆ ಮಸೂದೆಗೆ ಒಪ್ಪಿಗೆ ಕೊಡಿಸಿತು.

ನಿಜವಾದ ಅಧಿಕಾರ ಕಾಣಿಸುವುದು ಬಹುಮತ ಅಲುಗಾಡಿದಾಗ. 2017ರ ಮೇ ಚುನಾವಣೆಯಲ್ಲಿ ಬ್ರಿಟಿಷ್ ಕೊಲಂಬಿಯಾದ 87 ಸ್ಥಾನಗಳಲ್ಲಿ ಲಿಬರಲ್‌ಗಳಿಗೆ 43, ನ್ಯೂ ಡೆಮಾಕ್ರಟ್‌ಗಳಿಗೆ 41, ಗ್ರೀನ್ ಪಕ್ಷಕ್ಕೆ 3. ಜೂನ್ 29ರಂದು ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯಂತೆ ಪ್ರಾಂತ್ಯ ಸರ್ಕಾರದ ಮುಖ್ಯಸ್ಥರು), ಲಿಬರಲ್ ಪಕ್ಷದ ಕ್ರಿಸ್ಟಿ ಕ್ಲಾರ್ಕ್ 44–42ರಲ್ಲಿ ವಿಶ್ವಾಸ ಕಳೆದುಕೊಂಡು, ಸದನ ವಿಸರ್ಜಿಸಿ ಎಂದು ಕೇಳಿದರು. ಲೆಫ್ಟಿನೆಂಟ್ ಗವರ್ನರ್ ಜೂಡಿತ್ ಗಿಶಾನ್ ಒಪ್ಪಲಿಲ್ಲ. ಗ್ರೀನ್ ಬೆಂಬಲವಿದ್ದ ನ್ಯೂ ಡೆಮಾಕ್ರಟ್ ನಾಯಕ ಜಾನ್ ಹಾರ್ಗನ್ ಅವರನ್ನು ಅದೇ ದಿನ ಸರ್ಕಾರ ರಚಿಸಲು ಕರೆದರು.