ಎರಡು ಪುಸ್ತಕ, ಒಂದೇ ಲೆಕ್ಕ: ಮೈಎಸ್‌ಕ್ಯುಎಲ್ ಕ್ರ್ಯಾಶ್ ರಿಕವರಿಯ ಹಳೇ ಜಗಳ

ರೆಪ್ಲಿಕಾ ಸರ್ವರ್‌ಗೆ, ಅಂದರೆ ಮುಖ್ಯ ಡೇಟಾಬೇಸ್ ಸರ್ವರ್ (ಮಾಸ್ಟರ್) ಮಾಡಿದ್ದನ್ನೆಲ್ಲ ನಕಲು ಮಾಡಿಕೊಳ್ಳುವ ಯಂತ್ರಕ್ಕೆ, ಕರೆಂಟ್ ಹೋಯಿತು. ವಾಪಸ್ ಬಂತು. ಡೇಟಾಬೇಸ್‌ನ ಒಳಗೆ ಡೇಟಾ ಇಟ್ಟುಕೊಳ್ಳುವ ಎಂಜಿನ್ ಇನ್ನೊಡಿಬಿ ತನ್ನ ಲಾಗ್ ಓದಿಕೊಂಡು ರಿಕವರಿ ಮುಗಿಸಿತು, ಎಲ್ಲ ಸರಿಯಿದೆ ಎಂದಿತು. ಅಷ್ಟರಲ್ಲೇ ರೆಪ್ಲಿಕೇಷನ್ (ಆ ನಕಲು ಕೆಲಸ) ನಿಂತುಬಿಟ್ಟಿತು. ಎರರ್ 1062, ಡೂಪ್ಲಿಕೇಟ್ ಎಂಟ್ರಿ. ಹೊಸದಾಗಿ ಹಾಕಬೇಕಿದ್ದ ಸಾಲು ಟೇಬಲ್‌ನಲ್ಲಿ ಆಗಲೇ ಕೂತಿದೆ.

ಮೈಎಸ್‌ಕ್ಯುಎಲ್ 5.5ರ ಕಾಲದವರೆಗೆ ಇದನ್ನು ನೋಡದ ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವರು) ಸಿಗುವುದು ಕಷ್ಟ. ಮದ್ದೂ ಬಾಯಿಪಾಠ: ಸ್ಕಿಪ್ ಕೌಂಟರ್‌ಗೆ 1 ಕೊಟ್ಟು ಸಿಕ್ಕಿಕೊಂಡದ್ದನ್ನು ಬಿಟ್ಟು ಮುಂದೆ ಹೋಗು, ಸ್ಲೇವ್ (ರೆಪ್ಲಿಕಾದ ಹಳೇ ಹೆಸರು) ಸ್ಟಾರ್ಟ್ ಮಾಡು, ಹೋಗಿ ಮಲಗು. ನಾನೂ ಹಾಗೇ ಮಾಡಿ ಮಲಗಿದ್ದೇನೆ. ಕಿರುಚಿಕೊಂಡು ನಿಂತ ಆ ಎರರ್ ನಿಜಕ್ಕೂ ಅದೃಷ್ಟದ್ದು ಅಂತ ಗೊತ್ತಾಗಿದ್ದು ಆಮೇಲೆ.

ಯಾಕೆ ಅಂತ ಹತ್ತಿರದಿಂದ ನೋಡೋಣ. ಆಗಿನ ರೆಪ್ಲಿಕಾ ಎರಡು ಕೆಲಸವನ್ನು ಒಂದಾದ ಮೇಲೊಂದು ಮಾಡುತ್ತಿತ್ತು. ಮೊದಲು ಮಾಸ್ಟರ್‌ನಿಂದ ಬಂದ ವ್ಯವಹಾರವನ್ನು (ಟ್ರಾನ್ಸಾಕ್ಷನ್) ಇನ್ನೊಡಿಬಿಯಲ್ಲಿ ಕಮಿಟ್, ಅಂದರೆ ಖಾಯಂ, ಮಾಡುವುದು. ಆಮೇಲೆ 'ಇಲ್ಲಿಯವರೆಗೆ ಮುಗಿಸಿದ್ದೇನೆ' ಅಂತ ರಿಲೇ-ಲಾಗ್.ಇನ್ಫೋ ಎಂಬ ಚಿಕ್ಕ ಫೈಲ್‌ನಲ್ಲಿ ಗುರುತು ಹಾಕುವುದು. ಈಗ ಬಂದಿರುವ ವ್ಯವಹಾರ 'ಈ ವಸ್ತುವಿನ ಸ್ಟಾಕ್‌ನಲ್ಲಿ ಒಂದು ಕಳೆ' ಅಂತ ಇಟ್ಟುಕೊಳ್ಳಿ. ಸ್ಟಾಕ್ 40 ಇತ್ತು, ಕಮಿಟ್ ಆಗಿ 39 ಆಯಿತು. ಫೈಲ್‌ನಲ್ಲಿ ಗುರುತು ಬೀಳುವ ಮೊದಲೇ ಕರೆಂಟ್ ಹೋಯಿತು. ಎದ್ದ ಮೇಲೆ ರೆಪ್ಲಿಕಾ ಫೈಲ್ ನೋಡುತ್ತದೆ, ಹಳೇ ಗುರುತೇ ಇದೆ. ಅದೇ ವ್ಯವಹಾರವನ್ನು ಇನ್ನೊಮ್ಮೆ ಓಡಿಸುತ್ತದೆ. 39 ಹೋಗಿ 38 ಆಗುತ್ತದೆ. ಮಾಸ್ಟರ್‌ನಲ್ಲಿ 39, ಇಲ್ಲಿ 38. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ರೆಪ್ಲಿಕೇಷನ್ ಸುಮ್ನೆ ಮುಂದೆ ಓಡುತ್ತಲೇ ಇರುತ್ತದೆ. ಬದಲಾದ ಸಾಲಿನ ಬದಲು ಕ್ವೆರಿಯನ್ನೇ (ಡೇಟಾಬೇಸ್‌ಗೆ ಕೊಟ್ಟ ಆಜ್ಞೆಯನ್ನೇ) ಕಳಿಸುವ ಸ್ಟೇಟ್‌ಮೆಂಟ್ ಮಾದರಿ ಆಗ ಡೀಫಾಲ್ಟ್ ಆಗಿದ್ದರಿಂದ ಈ ಕಾಟ ಇನ್ನೂ ಜಾಸ್ತಿ.

ಸೇರಿಸುವ ಕ್ವೆರಿಯಾದರೆ 1062 ಬಂದು ನಮ್ಮನ್ನು ಎಬ್ಬಿಸುತ್ತದೆ. ಕಳೆಯುವ ಕ್ವೆರಿಯಾದರೆ ಯಾರೂ ಏಳುವುದಿಲ್ಲ. ಒಂದು ಕಡೆ ಸ್ಕಿಪ್ ಮಾಡಿ ಮಲಗಿದವರು ಇನ್ನೊಂದು ಕಡೆ ತಪ್ಪು ಲೆಕ್ಕವನ್ನು ತಿಂಗಳುಗಟ್ಟಲೆ ಹೊತ್ತು ತಿರುಗಿದ್ದಿದೆ.

ಇದನ್ನು ಬರೀ ಒಂದು ಫೈಲ್‌ನ ಬಗ್ ಅಂದುಕೊಂಡರೆ ದಾರಿ ತಪ್ಪುತ್ತೇವೆ. ಒಂದೇ ಸಂಗತಿಯನ್ನು ಎರಡು ಕಡೆ ಬರೆದರೆ, ಎರಡು ಬರಹಗಳ ನಡುವೆ ಒಂದು ಸಂದು ಇದ್ದೇ ಇರುತ್ತದೆ. ಕ್ರ್ಯಾಶ್ ಅಲ್ಲೇ ಬಂದು ಕೂರುತ್ತದೆ. ಮೈಎಸ್‌ಕ್ಯುಎಲ್‌ನಲ್ಲಿ ಈ ಸಂದು ಹುಟ್ಟಿನಿಂದಲೇ ಬಂದದ್ದು.

3.23ನೇ ಆವೃತ್ತಿಯಲ್ಲಿ ರೆಪ್ಲಿಕೇಷನ್ ಬಂದಾಗ, ಅದಕ್ಕೆ ಆಧಾರ ಆದ ಬದಲಾವಣೆಗಳನ್ನು ಸರದಿಯಲ್ಲಿ ಬರೆದಿಡುವ ಬೈನರಿ ಲಾಗ್, ನಮ್ಮ ಬಾಯಲ್ಲಿ ಬಿನ್‌ಲಾಗ್. ಅದನ್ನು ಬರೆಯುವುದು ಸರ್ವರ್‌ನ ಮೇಲಿನ ಪದರ. ಕೆಳಗೆ ಡೇಟಾ ಇಟ್ಟುಕೊಳ್ಳುವ ಎಂಜಿನ್ ಯಾವುದು ಅಂತ ಅದಕ್ಕೆ ಲೆಕ್ಕವಿಲ್ಲ. ಆಗಿನ ಡೀಫಾಲ್ಟ್ ಎಂಜಿನ್ ಮೈಐಎಸ್‌ಎಎಂಗೆ ಟ್ರಾನ್ಸಾಕ್ಷನ್ ಎಂಬುದೇ ಗೊತ್ತಿಲ್ಲ, ಹಾಗಾಗಿ ಕ್ರ್ಯಾಶ್ ನಂತರ ಸರಿಯಾಗಿ ಎದ್ದೇಳುವ ಮಾತೂ ಇರಲಿಲ್ಲ. 2001ರಲ್ಲಿ ಫಿನ್‌ಲೆಂಡಿನ ಹೈಕಿ ತೂರಿ ಬರೆದ ಇನ್ನೊಡಿಬಿ ಮೈಎಸ್‌ಕ್ಯುಎಲ್‌ಗೆ ಸೇರಿತು. ಅದು ತನ್ನದೇ ರೀಡೂ ಲಾಗ್ (ಕ್ರ್ಯಾಶ್ ನಂತರ ಏಳಲು ಬರೆದಿಡುವ ಲಾಗ್), ತನ್ನದೇ ರಿಕವರಿ ಕಟ್ಟಿಕೊಂಡು ಬಂತು. ಅಲ್ಲಿಗೆ ಒಂದೇ ಅಂಗಡಿಯಲ್ಲಿ ಎರಡು ಲೆಕ್ಕದ ಪುಸ್ತಕ. ಇನ್ನೊಡಿಬಿ ನಂಬುವುದು ರೀಡೂ ಲಾಗ್ ಅನ್ನು, ರೆಪ್ಲಿಕಾ ನಂಬುವುದು ಬಿನ್‌ಲಾಗ್ ಅನ್ನು.

ಬೇರೆ ದಾರಿಯೂ ಇದೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ 2010ರಲ್ಲಿ, ತನ್ನ 9.0 ಆವೃತ್ತಿಯಲ್ಲಿ, ಸ್ಟ್ರೀಮಿಂಗ್ ರೆಪ್ಲಿಕೇಷನ್ ತಂದಾಗ, ಕ್ರ್ಯಾಶ್ ರಿಕವರಿಗೆ ಬಳಸುವ ಅದೇ ಲಾಗ್ ಅನ್ನೇ ರೆಪ್ಲಿಕಾಗೂ ಕಳಿಸಿತು. ಒಂದೇ ಪುಸ್ತಕ. ಹಾಗಂತ ಅಲ್ಲಿ ಬಗ್‌ಗಳೇ ಇರಲಿಲ್ಲ ಅಂತಲ್ಲ. ಆದರೆ ಈ ನಿರ್ದಿಷ್ಟ ಜಗಳ ಅವರ ಮನೆಯಲ್ಲಿ ಇರಲಿಲ್ಲ. ಮೈಎಸ್‌ಕ್ಯುಎಲ್‌ಗೆ ಯಾವ ಎಂಜಿನ್ ಬೇಕಾದರೂ ಹಾಕಿಕೊಳ್ಳಬಹುದು ಎಂಬ ಹೆಮ್ಮೆಯಿತ್ತು. ಅದಕ್ಕೆ ಕೊಟ್ಟ ಬೆಲೆ ಇದು.

ಮಾಸ್ಟರ್ ಕಡೆಯ ಕಥೆ ನೋಡಿ. 4.1ರವರೆಗೆ ಕಮಿಟ್ ಹೊತ್ತಿಗೆ ಮೊದಲು ಬಿನ್‌ಲಾಗ್‌ಗೆ ಬರೆದು, ಆಮೇಲೆ ಇನ್ನೊಡಿಬಿಗೆ 'ಕಮಿಟ್ ಮಾಡು' ಅನ್ನುತ್ತಿದ್ದರು. ನಡುವೆ ಕ್ರ್ಯಾಶ್ ಆದರೆ ವ್ಯವಹಾರ ಬಿನ್‌ಲಾಗ್‌ನಲ್ಲಿದೆ, ಟೇಬಲ್‌ನಲ್ಲಿಲ್ಲ. ಇದಕ್ಕೆ 4.1ರಲ್ಲಿ ಇನ್ನೊಡಿಬಿ-ಸೇಫ್-ಬಿನ್‌ಲಾಗ್ ಎಂಬ ಆಯ್ಕೆ ಕೊಟ್ಟರು. ಎದ್ದ ಮೇಲೆ ಇನ್ನೊಡಿಬಿ ರೋಲ್‌ಬ್ಯಾಕ್ (ರದ್ದು) ಮಾಡಿದ್ದನ್ನು ಬಿನ್‌ಲಾಗ್‌ನ ಬಾಲದಿಂದ ಕತ್ತರಿಸಿ ಹಾಕುವುದು. ಕತ್ತರಿ ಹಾಕಿದರೆ ಎರಡು ಪುಸ್ತಕ ತಾಳೆಯಾಗುತ್ತವೆ, ಸರಿ. ಆದರೆ ಕತ್ತರಿಸಿದ ತುಂಡನ್ನು ರೆಪ್ಲಿಕಾ ಆಗಲೇ ಓದಿಕೊಂಡು ಹೋಗಿದ್ದರೆ? ಮನೆಯ ಎರಡು ಪುಸ್ತಕ ಸರಿಮಾಡುವ ಭರದಲ್ಲಿ ಊರಿಗೆ ಹೋದ ಕಾಗದವನ್ನು ಮರೆತಂತಾಯಿತು. ಈ ಕತ್ತರಿಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

2005ರಲ್ಲಿ ಬಂದ 5.0 ಈ ಆಯ್ಕೆಯನ್ನೇ ತೆಗೆದು, ಎರಡು ಹಂತದ ಕಮಿಟ್ ತಂದಿತು. ಮೊದಲು ಇನ್ನೊಡಿಬಿ 'ಸಿದ್ಧ' ಎನ್ನುತ್ತದೆ, ಅಂದರೆ ಪ್ರಿಪೇರ್. ಆಮೇಲೆ ಬಿನ್‌ಲಾಗ್‌ಗೆ ಬರಹ. ಕೊನೆಗೆ ಇನ್ನೊಡಿಬಿಯಲ್ಲಿ ಕಮಿಟ್. ಕ್ರ್ಯಾಶ್ ಆಗಿ ಎದ್ದರೆ ಸರ್ವರ್ ಕೊನೆಯ ಬಿನ್‌ಲಾಗ್ ಫೈಲ್ ತೆರೆದು, ಅದರಲ್ಲಿರುವ ವ್ಯವಹಾರಗಳ ಗುರುತಿನ ಸಂಖ್ಯೆಗಳನ್ನೆಲ್ಲ ಪಟ್ಟಿ ಮಾಡಿಕೊಳ್ಳುತ್ತದೆ. ಇನ್ನೊಡಿಬಿಯಲ್ಲಿ 'ಸಿದ್ಧ' ಅಂತ ನಿಂತಿರುವ ಒಂದೊಂದನ್ನೂ ಪಟ್ಟಿಯಲ್ಲಿ ಹುಡುಕುತ್ತದೆ. ಸಿಕ್ಕಿದರೆ ಕಮಿಟ್, ಸಿಗದಿದ್ದರೆ ರೋಲ್‌ಬ್ಯಾಕ್. ಅಂದರೆ ಬಿನ್‌ಲಾಗ್ ಹೇಳಿದ್ದೇ ಕೊನೆಯ ಮಾತು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತಿ ಜಾಣ ತಿದ್ದುಪಡಿ ಇದು. ಪುಸ್ತಕ ಎರಡಿರಲಿ, ಆದರೆ ಜಗಳ ಬಂದರೆ ಯಾವುದು ಗೆಲ್ಲಬೇಕು ಅಂತ ಮೊದಲೇ ತೀರ್ಮಾನವಾಗಿರಲಿ.

ಜಾಣತನಕ್ಕೆ ತೆರಿಗೆ ಬಿತ್ತು. ಡಿಸ್ಕ್‌ಗೆ ನಿಜವಾಗಿಯೂ ಇಳಿದಿದೆ ಅಂತ ಖಚಿತ ಮಾಡಿಕೊಳ್ಳುವ ಎಫ್‌ಸಿಂಕ್ ಕರೆ ಈಗ ಪ್ರತಿ ಕಮಿಟ್‌ಗೆ ಮೂರು ಸಲ ಬೇಕು: ಪ್ರಿಪೇರ್‌ಗೊಂದು, ಬಿನ್‌ಲಾಗ್‌ಗೊಂದು, ಕಮಿಟ್‌ಗೊಂದು. ಆಗಿನ ಡಿಸ್ಕ್ ನಿಮಿಷಕ್ಕೆ 7200 ಸುತ್ತು ತಿರುಗುತ್ತಿತ್ತು, ಸೆಕೆಂಡಿಗೆ 120. ಒಂದು ಎಫ್‌ಸಿಂಕ್‌ಗೆ ಒಂದು ಸುತ್ತು ಅಂದುಕೊಂಡರೂ, ಬ್ಯಾಟರಿ ಇರುವ ಕ್ಯಾಶ್ ಇಲ್ಲದ ಡಿಸ್ಕ್‌ನಲ್ಲಿ ಸೆಕೆಂಡಿಗೆ ಸುಮಾರು 40 ಕಮಿಟ್. ಹಲವು ವ್ಯವಹಾರಗಳನ್ನು ಒಟ್ಟುಗೂಡಿಸಿ ಒಂದೇ ಎಫ್‌ಸಿಂಕ್‌ನಲ್ಲಿ ಮುಗಿಸುವ ಗ್ರೂಪ್ ಕಮಿಟ್ ಇದ್ದಿದ್ದರೆ ಬಚಾವಾಗುತ್ತಿದ್ದರು. ಆದರೆ ಎರಡೂ ಪುಸ್ತಕಗಳಲ್ಲಿ ವ್ಯವಹಾರಗಳ ಸರದಿ ಒಂದೇ ಇರಬೇಕು ಅಂತ 5.0 ಹಾಕಿದ ಬೀಗ ಆ ಗ್ರೂಪ್ ಕಮಿಟ್ ಅನ್ನೇ ಮುರಿದು ಹಾಕಿತು. ಅದೇ ವರ್ಷ ದಾಖಲಾದ 13669ನೇ ಬಗ್ ಇದೇ. ಬಗೆಹರಿಯಲು ಏಳು ವರ್ಷಕ್ಕೂ ಹೆಚ್ಚು ಹಿಡಿಯಿತು.

ಆ ಏಳು ವರ್ಷ ಜನ ಏನು ಮಾಡಿದರು? ಬಿನ್‌ಲಾಗ್‌ಗೆ ಎಫ್‌ಸಿಂಕ್ ಯಾವಾಗ ಅಂತ ಹೇಳುವ ಸಿಂಕ್-ಬಿನ್‌ಲಾಗ್ ಸೆಟ್ಟಿಂಗ್ ಅನ್ನು 0 ಮಾಡಿಕೊಂಡರು. ಮಾಡಿಕೊಂಡರು ಅನ್ನುವುದೂ ತಪ್ಪು, ಡೀಫಾಲ್ಟೇ 0 ಇತ್ತು. ಬಿನ್‌ಲಾಗ್ ಯಾವಾಗ ಡಿಸ್ಕ್‌ಗೆ ಇಳಿಯುತ್ತದೋ ಅದು ಆಪರೇಟಿಂಗ್ ಸಿಸ್ಟಮ್‌ನ ಮರ್ಜಿ. ಕೊನೆಯ ಮಾತು ಹೇಳಬೇಕಾದ ಪುಸ್ತಕವೇ ನೀರಿನ ಮೇಲಿನ ಬರಹವಾಯಿತು. ಮೈಎಸ್‌ಕ್ಯುಎಲ್ ಪ್ರೋಸೆಸ್ ಮಾತ್ರ ಬಿದ್ದರೆ ತೊಂದರೆಯಿಲ್ಲ. ಇಡೀ ಯಂತ್ರ ಬಿದ್ದರೆ ಬಿನ್‌ಲಾಗ್‌ನ ಬಾಲ ಮಾಯ. ಎದ್ದ ಮಾಸ್ಟರ್‌ಗೆ ರೆಪ್ಲಿಕಾ ಬಂದು 'ಇಂತಿಂಥ ಜಾಗದಿಂದ ಮುಂದೆ ಕೊಡು' ಅನ್ನುತ್ತದೆ. ಆ ಜಾಗ ಫೈಲ್‌ನ ಉದ್ದಕ್ಕಿಂತ ಆಚೆ ಇದೆ. ಎರರ್ 1236. ಮಾಸ್ಟರ್ ತಾನು ಹೇಳಿದ್ದನ್ನೇ ಮರೆತಿದೆ, ಕೇಳಿಸಿಕೊಂಡವನಿಗೆ ಮಾತ್ರ ನೆನಪಿದೆ.

ಗ್ರೂಪ್ ಕಮಿಟ್ ಅನ್ನು ಮೊದಲು ಮೈಎಸ್‌ಕ್ಯುಎಲ್‌ನಿಂದಲೇ ಕವಲೊಡೆದ ಮರಿಯಾಡಿಬಿ ತನ್ನ 5.3ರಲ್ಲಿ ಸರಿ ಮಾಡಿತು. 2013ರ ಫೆಬ್ರವರಿಯಲ್ಲಿ ಬಂದ ಮೈಎಸ್‌ಕ್ಯುಎಲ್ 5.6 ತನ್ನದೇ ರೀತಿಯಲ್ಲಿ ಸರಿ ಮಾಡಿತು: ವ್ಯವಹಾರಗಳು ಸಾಲಿನಲ್ಲಿ ನಿಲ್ಲುತ್ತವೆ, ಮುಂದೆ ನಿಂತದ್ದು ಎಲ್ಲರ ಪರವಾಗಿ ಬರೆದು, ಎಲ್ಲರ ಪರವಾಗಿ ಎಫ್‌ಸಿಂಕ್ ಮಾಡುತ್ತದೆ. ಜೊತೆಗೆ ಮೂರನೇ ಎಫ್‌ಸಿಂಕ್ ಅನ್ನೇ ಬಿಟ್ಟರು. ಯೋಚಿಸಿ ನೋಡಿದರೆ ಅದು ಬೇಕಾಗಿರಲೇ ಇಲ್ಲ, ಅಲ್ವಾ? ಬಿನ್‌ಲಾಗ್‌ನಲ್ಲಿ ಇದ್ದರೆ ರಿಕವರಿ ಹೇಗೂ ಕಮಿಟ್ ಮಾಡುತ್ತದೆ. ಆಮೇಲೆ 5.7ರಲ್ಲಿ ಸಿಂಕ್-ಬಿನ್‌ಲಾಗ್ ಡೀಫಾಲ್ಟ್ 1 ಆಯಿತು. ಅಷ್ಟು ವರ್ಷ 0 ಇದ್ದದ್ದು ವೇಗದ ಪರೀಕ್ಷೆಗಳಲ್ಲಿ ಚೆಂದ ಕಾಣಲು ಎಂಬ ಗುಮಾನಿ ನನಗಿದೆ.

ಈಗ ಮೊದಲು ಬಿಟ್ಟುಬಂದ ರೆಪ್ಲಿಕಾದ ಕಥೆಗೆ. ಪರಿಹಾರ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಗುರುತನ್ನು ಫೈಲ್‌ನಲ್ಲಿ ಬರೆಯಬೇಡಿ, ಟೇಬಲ್‌ನಲ್ಲಿ ಬರೆಯಿರಿ. ಸ್ಟಾಕ್ 39 ಮಾಡುವ ಕಮಿಟ್‌ನ ಒಳಗೇ 'ಇಲ್ಲಿಯವರೆಗೆ ಮುಗಿಸಿದೆ' ಎಂಬುದೂ ಸೇರಲಿ. ಕಮಿಟ್ ಆದರೆ ಎರಡೂ ಆಗುತ್ತವೆ, ಇಲ್ಲದಿದ್ದರೆ ಎರಡೂ ಇಲ್ಲ. 5.6ರಲ್ಲಿ ಬಂದದ್ದು ಇದೇ.

ಇದರಲ್ಲೊಂದು ತಮಾಷೆಯಿದೆ. 5.6ರ ಆರಂಭದ ಪರೀಕ್ಷಾ ಆವೃತ್ತಿಗಳಲ್ಲಿ ಆ ಹೊಸ ಟೇಬಲ್ ತಯಾರಾಗುತ್ತಿದ್ದದ್ದು ಮೈಐಎಸ್‌ಎಎಂನಲ್ಲಿ! ಟ್ರಾನ್ಸಾಕ್ಷನ್ ಗೊತ್ತಿಲ್ಲದ ಎಂಜಿನ್‌ನಲ್ಲಿ ಟ್ರಾನ್ಸಾಕ್ಷನ್‌ಗಾಗಿಯೇ ಮಾಡಿದ ಟೇಬಲ್. ಬೀಗ ಕೊಂಡು ತಂದು ಬಾಗಿಲ ಪಕ್ಕದ ಗೋಡೆಗೆ ನೇತುಹಾಕಿದಂತೆ. ಬೇಕಾದವರು ಕೈಯಾರೆ ಇನ್ನೊಡಿಬಿಗೆ ಬದಲಿಸಿಕೊಳ್ಳಬೇಕಿತ್ತು. 5.6.6ರಲ್ಲಿ ಅದು ಸರಿಹೋಯಿತು. ಟೇಬಲ್ ಬಳಸುವುದೇ ಡೀಫಾಲ್ಟ್ ಆಗಲು ಮಾತ್ರ 8.0ರವರೆಗೆ ಕಾಯಬೇಕಾಯಿತು.

ಟೇಬಲ್ ಒಂದರಿಂದಲೇ ಮುಗಿಯಲಿಲ್ಲ. ಮಾಸ್ಟರ್‌ನಿಂದ ತಂದು ಇಟ್ಟುಕೊಂಡ ರಿಲೇ ಲಾಗ್ ಕ್ರ್ಯಾಶ್‌ನಲ್ಲಿ ಅರ್ಧಂಬರ್ಧ ಆಗಿರಬಹುದು. ಅದಕ್ಕೆ ರಿಲೇ-ಲಾಗ್-ರಿಕವರಿ ಎಂಬ ಇನ್ನೊಂದು ಸ್ವಿಚ್: ಓಡಿಸದೆ ಉಳಿದ ರಿಲೇ ಲಾಗ್ ಎಲ್ಲ ಎಸೆದು, ಟೇಬಲ್‌ನಲ್ಲಿರುವ ಗುರುತಿನಿಂದ ಮಾಸ್ಟರ್‌ನ ಹತ್ತಿರ ಹೊಸದಾಗಿ ಕೇಳು. ಈ ಸ್ವಿಚ್ 8.0ರಲ್ಲೂ ತಾನಾಗಿ ಆನ್ ಇರುವುದಿಲ್ಲ, ನಾವೇ ಹಾಕಬೇಕು. ಹಲವು ಥ್ರೆಡ್‌ಗಳು ಒಟ್ಟಿಗೆ ಓಡಿಸುವ ರೆಪ್ಲಿಕಾದಲ್ಲಿ ನಡುನಡುವೆ ತೂತು ಉಳಿಯುವ ಕಾಟ ಬೇರೆ ಇತ್ತು. ಕಮಿಟ್‌ಗಳ ಸರದಿಯನ್ನು ಕಾಯ್ದುಕೊಳ್ಳುವ ಆಯ್ಕೆ 8.0.27ರಲ್ಲಿ ಡೀಫಾಲ್ಟ್ ಆದ ಮೇಲೆ ಅದು ತಗ್ಗಿತು.

ಇಷ್ಟಾದ ಮೇಲೆ ಒಂದೊಂದು ಯಂತ್ರವೂ ತನ್ನ ಮಟ್ಟಿಗೆ ಪ್ರಾಮಾಣಿಕವಾಯಿತು. ಆಗ ಮೂರನೇ ಪುಸ್ತಕ, ಅಂದರೆ ಇನ್ನೊಂದು ಯಂತ್ರದಲ್ಲಿರುವ ಪ್ರತಿ, ಎದ್ದು ಬಂತು.

ಮಾಸ್ಟರ್ ಬಿದ್ದರೆ ಅದು ಏಳುವವರೆಗೆ ಯಾರು ಕಾಯುತ್ತಾರೆ? ರೆಪ್ಲಿಕಾವನ್ನೇ ಮಾಸ್ಟರ್ ಮಾಡುತ್ತಾರೆ. ಹಾಗಾದರೆ ಕಮಿಟ್ ಆದದ್ದೆಲ್ಲ ರೆಪ್ಲಿಕಾಗೆ ತಲುಪಿರಬೇಕು. ಗೂಗಲ್‌ನ ಎಂಜಿನಿಯರುಗಳು 2007ರಲ್ಲಿ ಹೊರಗೆ ಬಿಟ್ಟ ಪ್ಯಾಚ್‌ಗಳಲ್ಲಿ ಸೆಮಿ-ಸಿಂಕ್ ಎಂಬುದೊಂದಿತ್ತು: ಒಂದು ರೆಪ್ಲಿಕಾವಾದರೂ 'ಸಿಕ್ಕಿತು' ಅನ್ನುವವರೆಗೆ ಗ್ರಾಹಕನಿಗೆ ಉತ್ತರ ಕೊಡಬೇಡ. ಮೈಎಸ್‌ಕ್ಯುಎಲ್ 5.5 ಇದನ್ನು ಒಳಗೆ ತಂದುಕೊಂಡಿತು. ಆದರೆ ಕಾಯುತ್ತಿದ್ದದ್ದು ಇನ್ನೊಡಿಬಿ ಕಮಿಟ್ ಆದ ಮೇಲೆ. ಹಾಗಾಗಿ ಕಾಯುವ ಹೊತ್ತಲ್ಲಿ ಉಳಿದವರಿಗೆಲ್ಲ ಆ ಬದಲಾವಣೆ ಕಾಣುತ್ತಿತ್ತು. ಅಷ್ಟರಲ್ಲಿ ಮಾಸ್ಟರ್ ಸತ್ತರೆ, ಕಣ್ಣಾರೆ ಕಂಡದ್ದು ಹೊಸ ಮಾಸ್ಟರ್‌ನಲ್ಲಿ ಇಲ್ಲ. 5.7 ಕಾಯುವ ಜಾಗವನ್ನು ಹಿಂದಕ್ಕೆ ತಂದಿತು: ಬಿನ್‌ಲಾಗ್ ಡಿಸ್ಕ್‌ಗೆ ಇಳಿದ ಮೇಲೆ, ಇನ್ನೊಡಿಬಿ ಕಮಿಟ್‌ಗಿಂತ ಮೊದಲು.

ಈಗ 5.0ರ ಜಾಣ ನಿಯಮವನ್ನು ನೆನಪಿಸಿಕೊಳ್ಳಿ. ವ್ಯವಹಾರ ಹಳೇ ಮಾಸ್ಟರ್‌ನ ಬಿನ್‌ಲಾಗ್‌ನಲ್ಲಿದೆ. ರೆಪ್ಲಿಕಾಗೆ ತಲುಪಿಲ್ಲ. ಮಾಸ್ಟರ್ ಬಿತ್ತು, ರೆಪ್ಲಿಕಾ ಪಟ್ಟಕ್ಕೆ ಬಂತು, ಹೊಸ ಬರಹಗಳು ಶುರುವಾದವು. ಹಳೇ ಮಾಸ್ಟರ್ ಏಳುತ್ತದೆ, ಪಟ್ಟಿ ಮಾಡುತ್ತದೆ, 'ಬಿನ್‌ಲಾಗ್‌ನಲ್ಲಿದೆ, ಹಾಗಾದರೆ ಕಮಿಟ್' ಎನ್ನುತ್ತದೆ. ತನ್ನ ನಿಯಮದ ಪ್ರಕಾರ ನೂರಕ್ಕೆ ನೂರು ಸರಿ. ಆದರೆ ಗುಂಪಿನಲ್ಲಿ ಬೇರೆ ಯಾರ ಬಳಿಯೂ ಇಲ್ಲದ ಒಂದು ವ್ಯವಹಾರ ಈಗ ಇದರ ಬಳಿ ಇದೆ. ಇನ್ನು ಇದು ರೆಪ್ಲಿಕಾ ಆಗಿ ಮರಳಿ ಸೇರಿಕೊಳ್ಳುವಂತಿಲ್ಲ. ಬಗ್ ಇಲ್ಲಿ ಯಾವ ಸಾಲಿನಲ್ಲಿದೆ ಅಂತ ಬೆರಳಿಟ್ಟು ತೋರಿಸಿ ನೋಡೋಣ. ಆಗುವುದಿಲ್ಲ. 2005ರ ತೀರ್ಪು ಒಂಟಿ ಯಂತ್ರಕ್ಕೆ ಬರೆದದ್ದು.

ಮರಿಯಾಡಿಬಿ 2021ರ ಜುಲೈನಲ್ಲಿ ಸ್ಥಿರವಾದ ತನ್ನ 10.6ರಲ್ಲಿ ಇದಕ್ಕೆ ಕೊಟ್ಟ ಉತ್ತರ ಹಳೇ ಕತ್ತರಿ. 'ನೀನಿನ್ನು ಸೆಮಿ-ಸಿಂಕ್ ರೆಪ್ಲಿಕಾ' ಅಂತ ಸೆಟ್ಟಿಂಗ್ ಹಾಕಿ ಹಳೇ ಮಾಸ್ಟರ್ ಅನ್ನು ಎಬ್ಬಿಸಿದರೆ, ಅದು ನಿಯಮವನ್ನು ತಲೆಕೆಳಗು ಮಾಡುತ್ತದೆ. ಇನ್ನೊಡಿಬಿಯಲ್ಲಿ 'ಸಿದ್ಧ' ಸ್ಥಿತಿಯಲ್ಲೇ ನಿಂತದ್ದನ್ನು ರೋಲ್‌ಬ್ಯಾಕ್ ಮಾಡಿ, ಬಿನ್‌ಲಾಗ್‌ನ ಬಾಲ ಕತ್ತರಿಸುತ್ತದೆ. 4.1ರಲ್ಲಿ ಇದೇ ಕೆಲಸ ಅಪಾಯಕಾರಿ, ಏಕೆಂದರೆ ಕತ್ತರಿಸಿದ್ದು ರೆಪ್ಲಿಕಾಗೆ ತಲುಪಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಈಗ ಅದು ಸಲ್ಲುತ್ತದೆ. ತಲುಪಿದ್ದರೆ ಹೊಸ ಮಾಸ್ಟರ್‌ನಿಂದಲೇ ಮರಳಿ ಬರುತ್ತದೆ, ತಲುಪದಿದ್ದರೆ ಕಮಿಟ್ ಆಯಿತು ಅಂತ ಯಾರಿಗೂ ಮಾತು ಕೊಟ್ಟಿರಲಿಲ್ಲ.

ಒಂದೇ ಷರತ್ತು. ಕತ್ತರಿಸಬೇಕಾದ ಬಾಲದಲ್ಲಿ ಎಲ್ಲವೂ ರೋಲ್‌ಬ್ಯಾಕ್ ಆಗುವಂಥದ್ದೇ ಇರಬೇಕು. ಒಂದೇ ಒಂದು ಮೈಐಎಸ್‌ಎಎಂ ಬರಹ ನುಸುಳಿದ್ದರೂ ಸರ್ವರ್ ಕತ್ತರಿಸಲು ಒಪ್ಪುವುದಿಲ್ಲ. ಆಗ ಉಳಿಯುವುದು ಹಳೇ ಡಿಬಿಎಗಳ ಕೆಲಸ: ಡೇಟಾ ಡೈರೆಕ್ಟರಿ ಪೂರ್ತಿ ಅಳಿಸು, ಹೊಸ ಮಾಸ್ಟರ್‌ನ ಬ್ಯಾಕಪ್ ತಂದು ಹಾಕು, ಮೊದಲಿಂದ ಓಡಿಸು.