ಬೆಲೆ ಏರುವ ಬೀದಿಯಲ್ಲಿ ಜನ ಏಕೆ ಇಳಿಯುತ್ತಾರೆ?

1910ರಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್ ದ್ವೀಪದಲ್ಲಿ 23 ಲಕ್ಷಕ್ಕೂ ಜಾಸ್ತಿ ಜನ ಇದ್ದರು. ಎಂಪೈರ್ ಸ್ಟೇಟ್ ಕಟ್ಟಡ ಆಗ ಇರಲಿಲ್ಲ, ಅದು ಎದ್ದದ್ದು 1931ರಲ್ಲಿ. ಆಮೇಲೆ ಅಂಥ ಎಷ್ಟೋ ಕಟ್ಟಡಗಳು ಬಂದವು. ಆದರೆ 2020ರ ಜನಗಣತಿ ಅಲ್ಲಿ ಎಣಿಸಿದ್ದು ಸುಮಾರು 17 ಲಕ್ಷ ಜನರನ್ನು ಮಾತ್ರ. ಕಟ್ಟಡಗಳು ಎತ್ತರಕ್ಕೆ ಬೆಳೆದವು, ತಲೆಗಳು ಕಡಿಮೆಯಾದವು.

ನೂರು ವರ್ಷದ ಹಳೇ ಕಥೆ ಯಾಕೆ ಅನ್ನುವವರಿಗೆ ತೀರಾ ಹೊಸದೊಂದು ಲೆಕ್ಕ ಇದೆ. ಲಂಡನ್ನಿನ ಕೆನ್ಸಿಂಗ್ಟನ್ ಮತ್ತು ಚೆಲ್ಸಿ ಬ್ರಿಟನ್ನಿನ ಅತಿ ದುಬಾರಿ ಪ್ರದೇಶಗಳಲ್ಲಿ ಒಂದು. 2011ರಿಂದ 2021ರ ನಡುವೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಒಟ್ಟು ಜನಸಂಖ್ಯೆ ಶೇ. 6ಕ್ಕಿಂತ ಸ್ವಲ್ಪ ಹೆಚ್ಚಿತು. ಅದೇ ಹತ್ತು ವರ್ಷದಲ್ಲಿ ಕೆನ್ಸಿಂಗ್ಟನ್ ಮತ್ತು ಚೆಲ್ಸಿಯ ಜನಸಂಖ್ಯೆ ಶೇ. 9.6ರಷ್ಟು ಇಳಿದು, ಸುಮಾರು 1,43,400ಕ್ಕೆ ಬಂತು. 2021ರ ಎಣಿಕೆ ಕೋವಿಡ್ ಕಾಲದ್ದು, ಹಾಗಾಗಿ ಒಂದಿಷ್ಟು ರಿಯಾಯಿತಿ ಕೊಡೋಣ. ಕೊಟ್ಟರೂ ಪ್ರಶ್ನೆ ಉಳಿಯುತ್ತದೆ. ಎಲ್ಲರಿಗೂ ಬೇಕಾದ ಜಾಗ, ಅದಕ್ಕೇ ಅಷ್ಟು ಬೆಲೆ, ಅಲ್ವಾ? ಹಾಗಿದ್ದರೆ ಜನ ಕಡಿಮೆಯಾಗುವುದು ಹೇಗೆ?

ನೋಡುವವರಿಗೆ ಇದು ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದ ಹಾಗೆ ಕಾಣುತ್ತದೆ. ಆದರೆ ಬೆಲೆಯನ್ನು ಮೇಲಕ್ಕೂ ಜನರನ್ನು ಕೆಳಕ್ಕೂ ಎಳೆಯುತ್ತಿರುವುದು ಒಂದೇ ಪ್ರಾಣಿ ಅನ್ನುವುದು ನನ್ನ ವಾದ.

ಮೊದಲು ಸುಲಭದ ಗಣಿತ. ಒಂದು ಬೀದಿಯಲ್ಲಿ ನೂರು ಮನೆ. ಮನೆಗೆ ನಾಲ್ಕು ಜನರಂತೆ ನಾನೂರು. ಮೂವತ್ತು ವರ್ಷ ಕಳೆಯಿತು, ಒಂದು ಮನೆಯೂ ಬಿದ್ದಿಲ್ಲ, ಒಂದು ಹೊಸದಾಗಿ ಎದ್ದಿಲ್ಲ. ಆದರೆ ಈಗ ಮನೆಗೆ ಸರಾಸರಿ ಎರಡೇ ಜನ. ಬೀದಿಯ ಅರ್ಧದಷ್ಟು ಜನ ಸದ್ದಿಲ್ಲದೆ ಮಾಯ. ಯಾರೂ ಊರು ಬಿಟ್ಟು ಓಡಿಲ್ಲ. ಮಕ್ಕಳು ದೊಡ್ಡವರಾಗಿ ಹೋದರು, ಕೆಲವರು ಬೇರೆಯಾದರು, ಕೆಲವರು ತೀರಿಕೊಂಡರು, ಅಷ್ಟೇ. ಮನೆಗಳಲ್ಲಿ ಒಂದೂ ಖಾಲಿಯಾಗಿಲ್ಲ ಅನ್ನುವುದನ್ನು ಗಮನಿಸಿ. ಜನಸಂಖ್ಯೆ ಅರ್ಧವಾದರೂ ಕೊಳ್ಳಲು ಸಿಗುವ ಮನೆಗಳು ಸೊನ್ನೆ. ಮನೆಗೆ ಬೇಡಿಕೆ ಬರುವುದು ತಲೆಗಳಿಂದ ಅಲ್ಲ, ಒಲೆಗಳಿಂದ. ಎಷ್ಟು ಸಂಸಾರ ಬೇರೆ ಬೇರೆ ಒಲೆ ಹೂಡುತ್ತವೋ ಅಷ್ಟು ಮನೆ ಬೇಕು.

ಇದು ಬರೀ ಶ್ರೀಮಂತರ ಕಥೆಯಲ್ಲ. ಅಮೆರಿಕದಲ್ಲಿ 1940ರಲ್ಲಿ ಒಂದು ಮನೆಗೆ ಸರಾಸರಿ 3.67 ಜನ ಇದ್ದರು, ಈಗ ಸುಮಾರು 2.5. ಒಬ್ಬರೇ ವಾಸಿಸುವ ಮನೆಗಳು 1960ರಲ್ಲಿ ಶೇ. 13 ಇದ್ದದ್ದು 2020ರ ಹೊತ್ತಿಗೆ ಶೇ. 27 ದಾಟಿತು. ಮ್ಯಾನ್‌ಹಟನ್ನಿನ ಮಟ್ಟಿಗೆ ಹೇಳುವುದಾದರೆ, 1910ರ ಆ 23 ಲಕ್ಷದಲ್ಲಿ ದೊಡ್ಡ ಪಾಲು ಕತ್ತಲೆ ಕೋಣೆಗಳಲ್ಲಿ ಒತ್ತೊತ್ತಾಗಿ ಬದುಕುತ್ತಿದ್ದ ವಲಸೆಗಾರರು. ಆ ಒತ್ತಡ ಇಳಿದದ್ದು ಒಳ್ಳೆಯದೇ. ಜನ ಕಡಿಮೆಯಾದರು ಅಂದ ಕೂಡಲೇ ಅಯ್ಯೋ ಅನ್ನಬೇಕಿಲ್ಲ.

ಶ್ರೀಮಂತ ಬಡಾವಣೆಯಲ್ಲಿ ಇದರ ಮೇಲೆ ಇನ್ನೊಂದು ಪದರ ಸೇರುತ್ತದೆ. ಹಣ ಹೆಚ್ಚಾದಂತೆ ಜನ ಕೊಳ್ಳುವ ಮುಖ್ಯ ವಸ್ತು ಜಾಗ. ಅಕ್ಕಪಕ್ಕದ ಎರಡು ಫ್ಲ್ಯಾಟ್ ಕೊಂಡು ನಡುವಿನ ಗೋಡೆ ಒಡೆದು ಒಂದು ಮಾಡುತ್ತಾರೆ. ಲಂಡನ್ನಿನ ಹಳೆಯ ದೊಡ್ಡ ಮನೆಗಳು ಎರಡನೇ ಮಹಾಯುದ್ಧದ ನಂತರದ ಬಡತನದ ದಿನಗಳಲ್ಲಿ ಐದಾರು ಬಾಡಿಗೆ ಕೋಣೆಗಳಾಗಿ ಹೋಳಾಗಿದ್ದವು. ಬಡಾವಣೆಗೆ ಮತ್ತೆ ಹಣ ಬಂದಾಗ ಅಂಥ ಎಷ್ಟೋ ಮನೆಗಳು ವಾಪಸ್ ಒಂದೇ ಕುಟುಂಬದ ಮನೆಯಾದವು. ಐದು ಒಲೆ ಇದ್ದ ಕಡೆ ಒಂದು. ಬೀದಿಯಲ್ಲಿ ನಿಂತು ನೋಡಿದರೆ ಅದೇ ಬಾಗಿಲು, ಅದೇ ಕಿಟಕಿ. ಬೆಲ್ ಒತ್ತುವ ಗುಂಡಿಗಳು ಮಾತ್ರ ಐದರಿಂದ ಒಂದಕ್ಕೆ ಬಂದಿರುತ್ತವೆ.

ಕೆಲವು ಮನೆಗಳಲ್ಲಿ ಈ ಸಂಖ್ಯೆ ಸೊನ್ನೆ. ಮನೆಯನ್ನು ವಾಸಕ್ಕಲ್ಲದೆ ಹಣ ಭದ್ರವಾಗಿಡುವ ತಿಜೋರಿಯಂತೆ ಕೊಂಡವರು ಅಲ್ಲಿ ವರ್ಷಕ್ಕೆ ಎರಡು ವಾರ ಇರುತ್ತಾರೋ ಇಲ್ಲವೋ. ಕೆನಡಾದ ವ್ಯಾಂಕೂವರ್ ನಗರ ಇದಕ್ಕೆಂದೇ 2017ರಲ್ಲಿ ಖಾಲಿ ಮನೆ ತೆರಿಗೆ ತಂದಿತು. ಮನೆಯ ತೆರಿಗೆ ಮೌಲ್ಯದ ಶೇ. 1ರಿಂದ ಶುರುವಾದದ್ದು ಮುಂದೆ ಶೇ. 3ಕ್ಕೆ ಏರಿತು.

ಇನ್ನು ವಯಸ್ಸಿನ ವಿಷಯ. ಒಟ್ಟಿಗೆ ಹುಟ್ಟಿದ ಬಡಾವಣೆ ಒಟ್ಟಿಗೆ ಮುದಿಯಾಗುತ್ತದೆ. ಸೈಟುಗಳು ಒಂದೇ ಕಾಲಕ್ಕೆ ಮಾರಾಟವಾದರೆ ಕೊಳ್ಳುವವರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಕೈಗೆ ನಾಲ್ಕು ಕಾಸು ಸೇರಿದ, ಚಿಕ್ಕ ಮಕ್ಕಳಿರುವ, ಮೂವತ್ತೈದು ನಲವತ್ತರ ಜೋಡಿಗಳು. ಮೊದಲ ಹತ್ತು ವರ್ಷ ಶಾಲೆಯಲ್ಲಿ ಸೀಟು ಸಿಗುವುದಿಲ್ಲ. ಇಪ್ಪತ್ತು ವರ್ಷಕ್ಕೆ ಮೈದಾನ ಖಾಲಿ. ನಲವತ್ತು ವರ್ಷಕ್ಕೆ ಬೆಳಗಿನ ವಾಕಿಂಗಿನಲ್ಲಿ ಎಲ್ಲರದೂ ಒಂದೇ ವೇಗ. ಜನಸಂಖ್ಯಾ ತಜ್ಞರು ವಯಸ್ಸಿನ ಪ್ರಕಾರ ಜನರನ್ನು ಪಟ್ಟಿಗಳಾಗಿ ಜೋಡಿಸಿ ಒಂದು ಚಿತ್ರ ಬಿಡಿಸುತ್ತಾರೆ. ಮಕ್ಕಳು ಜಾಸ್ತಿ ಇರುವ ಸಮಾಜದಲ್ಲಿ ಅದು ಪಿರಮಿಡ್ಡಿನಂತೆ ಇರುತ್ತದೆ, ಹೆಸರು ಬಂದದ್ದೂ ಹಾಗೆಯೇ. ಹಳೆಯ ಶ್ರೀಮಂತ ಬಡಾವಣೆಯಲ್ಲಿ ಅದು ಬುಡ ಸಣ್ಣಗಿರುವ ಬುಗುರಿಯಂತೆ ಕಾಣುತ್ತದೆ.

ಬೇರೆ ಬಡಾವಣೆಗಳಲ್ಲೂ ಜನ ಮುದುಕರಾಗುತ್ತಾರಲ್ಲ, ವ್ಯತ್ಯಾಸ ಏನು? ಅಲ್ಲಿ ಮನೆಗಳು ಕೈ ಬದಲಾಗುತ್ತವೆ, ಹೊಸ ಜೋಡಿಗಳು ಬಂದು ಚಕ್ರ ಮತ್ತೆ ತಿರುಗುತ್ತದೆ. ದುಬಾರಿ ಜಾಗದಲ್ಲಿ ಚಕ್ರ ಸಿಕ್ಕಿಹಾಕಿಕೊಳ್ಳುತ್ತದೆ. ಆರು ಕೋಣೆಯ ಮನೆಯಲ್ಲಿ ಇಬ್ಬರೇ ಇರುವ ಹಿರಿಯರು ಚಿಕ್ಕ ಮನೆಗೆ ಹೋಗಬಹುದು. ಆದರೆ ಮಾರಿದರೆ ತೆರಿಗೆ, ಕೊಂಡರೆ ನೋಂದಣಿ ಶುಲ್ಕ. ಅದೇ ಏರಿಯಾದಲ್ಲಿ ಚಿಕ್ಕ ಮನೆಯೇ ಇರುವುದಿಲ್ಲ. ಏರಿಯಾ ಬಿಟ್ಟರೆ ಗೆಳೆಯರು ದೂರ, ಗೊತ್ತಿರುವ ಡಾಕ್ಟರ್ ದೂರ. ಇಷ್ಟೆಲ್ಲ ಯಾಕೆ, ಇದ್ದಲ್ಲೇ ಇರೋಣ ಅನ್ನುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಕಾನೂನು ಈ ಬೀಗವನ್ನು ಇನ್ನೂ ಬಿಗಿ ಮಾಡಬಲ್ಲದು. ಕ್ಯಾಲಿಫೋರ್ನಿಯಾದ ಮತದಾರರು 1978ರಲ್ಲಿ ಒಪ್ಪಿದ 'ಪ್ರೊಪೊಸಿಷನ್ 13' ಇದಕ್ಕೆ ಪಾಠದಂಥ ಉದಾಹರಣೆ. ಅದರ ಪ್ರಕಾರ ಆಸ್ತಿಯ ಮೂಲ ತೆರಿಗೆ ದರ ಶೇ. 1. ತೆರಿಗೆಗೆ ಲೆಕ್ಕ ಹಾಕುವ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಮನೆ ಮಾರಾಟವಾದಾಗ ಮಾತ್ರ ಮಾರುಕಟ್ಟೆ ಬೆಲೆಗೆ ಹೊಸ ಲೆಕ್ಕ. ಶೇ. 2ರಂತೆ ನಲವತ್ತು ವರ್ಷ ಏರಿದರೆ ಸುಮಾರು 2.2 ಪಟ್ಟು ಆಗುತ್ತದೆ. ಆ ನಲವತ್ತು ವರ್ಷದಲ್ಲಿ ಮನೆಯ ನಿಜ ಬೆಲೆ ಹತ್ತು ಪಟ್ಟಾಗಿದ್ದರೆ, ಹಳಬರು ಕಟ್ಟುವ ತೆರಿಗೆಯ ನಾಲ್ಕೂವರೆ ಪಟ್ಟನ್ನು ಪಕ್ಕದ ಅಂಥದ್ದೇ ಮನೆಗೆ ಹೊಸದಾಗಿ ಬಂದವರು ಕಟ್ಟಬೇಕು. ವಯಸ್ಸಾದವರು ತೆರಿಗೆ ಕಟ್ಟಲಾಗದೆ ಮನೆ ಕಳೆದುಕೊಳ್ಳಬಾರದು ಅನ್ನುವ ಕಾಳಜಿ ಅದರ ಹಿಂದೆ ಇತ್ತು, ಅದು ಸುಳ್ಳಲ್ಲ. ಆದರೆ ಮನೆ ಬದಲಿಸಿದರೆ ದಂಡ ಹಾಕಿದ ಹಾಗಾಯಿತು. ಕೊನೆಗೆ 2020ರಲ್ಲಿ ಮತ್ತೊಂದು ಮತದಾನ ನಡೆದು, 55 ದಾಟಿದವರು ಹಳೆಯ ತೆರಿಗೆ ಲೆಕ್ಕವನ್ನು ರಾಜ್ಯದೊಳಗೆ ಹೊಸ ಮನೆಗೂ ಒಯ್ಯಲು ದಾರಿ ಅಗಲವಾಯಿತು.

ಈ ವಯಸ್ಸಿನ ಆಟ ಆದಾಯದ ಅಂಕಿಗಳನ್ನೂ ಕೆಡಿಸುತ್ತದೆ. ಕೋಟಿಗಟ್ಟಲೆ ಬೆಲೆಯ ಮನೆಯಲ್ಲಿರುವ ನಿವೃತ್ತರ ಆದಾಯ ಬರೀ ಪಿಂಚಣಿ ಇರಬಹುದು. ಆದಾಯ ಅನ್ನುವುದು ನಲ್ಲಿಯಿಂದ ಬರುವ ನೀರು, ಆಸ್ತಿ ಅನ್ನುವುದು ತೊಟ್ಟಿಯಲ್ಲಿ ನಿಂತ ನೀರು. ಎರಡನ್ನೂ ಒಂದೇ ಅಂದುಕೊಂಡರೆ ಬಡಾವಣೆಯ ಅಂದಾಜು ತಪ್ಪುತ್ತದೆ. ಸರಾಸರಿಯಂತೂ ಇಲ್ಲಿ ನಂಬಿಕೆಗೆ ಅರ್ಹವೇ ಅಲ್ಲ. ನೂರು ಮನೆಯ ಬೀದಿಗೆ ಒಬ್ಬ ಮಹಾಕುಬೇರ ಬಂದರೆ ಎಲ್ಲರ ಸರಾಸರಿ ಆದಾಯವೂ ಆಕಾಶಕ್ಕೆ ಹೋಗುತ್ತದೆ, ಉಳಿದ ತೊಂಬತ್ತೊಂಬತ್ತು ಮನೆಗಳ ಜೇಬು ಮಾತ್ರ ಹಾಗೇ ಇರುತ್ತದೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಟ್ಟನಡುವಿನವರನ್ನು ಕೇಳುವ ಮಧ್ಯಾಂಕ ಇಷ್ಟು ಸುಲಭಕ್ಕೆ ಮೋಸ ಹೋಗುವುದಿಲ್ಲ.

ಸರಿ, ಬೆಲೆಗೆ ಬರೋಣ. ಬಾಡಿಗೆ ಜಾಸ್ತಿ, ಅದಕ್ಕೇ ಅಂಗಡಿ ಸಾಮಾನೂ ದುಬಾರಿ ಅಂತ ಜನ ಹೇಳುತ್ತಾರೆ. ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲೇ ಇದನ್ನು ತಿರುಗಿಸಿ ಹೇಳಿದ್ದ. ಗೇಣಿ ಹೆಚ್ಚಿರುವುದರಿಂದ ಧಾನ್ಯ ದುಬಾರಿಯಾಗಿಲ್ಲ, ಧಾನ್ಯ ದುಬಾರಿಯಾಗಿರುವುದರಿಂದ ಗೇಣಿ ಹೆಚ್ಚಿದೆ ಎಂದು. ಪೇಟೆಯ ನೆಲಕ್ಕೂ ಇದೇ ಮಾತು. ನೆಲಕ್ಕೆ ತನ್ನದೇ ಬೆಲೆ ಅಂತಿಲ್ಲ. ಅದರ ಮೇಲೆ ಇರಲು ಬಯಸುವವರಲ್ಲಿ ಎಲ್ಲಕ್ಕಿಂತ ಹೆಚ್ಚು ಕೊಡಬಲ್ಲವರು ಯಾರೋ ಅವರು ಬೆಲೆ ಬರೆಯುತ್ತಾರೆ. ಈ ಹರಾಜಿನಲ್ಲಿ ಲೆಕ್ಕಕ್ಕೆ ಬರುವುದು ಹಣ, ಜನಸಂಖ್ಯೆಯಲ್ಲ. ನಾಲ್ಕು ಸಾಧಾರಣ ಸಂಸಾರ ಸೇರಿ ಕೊಡುವುದಕ್ಕಿಂತ ಹೆಚ್ಚನ್ನು ಒಂದೇ ಸಂಸಾರ ಕೊಟ್ಟರೆ ನೆಲ ಅದಕ್ಕೆ ಹೋಗುತ್ತದೆ. ಬೆಲೆ ಏರಿತು, ಜನ ಇಳಿದರು, ಎರಡೂ ಒಂದೇ ವ್ಯವಹಾರದಲ್ಲಿ.

ಹಾಗಾದರೆ ಯಾರೋ ಒಬ್ಬ ಬಿಲ್ಡರ್ ಬಂದು ಆ ಜಾಗದಲ್ಲಿ ಇಪ್ಪತ್ತು ಫ್ಲ್ಯಾಟ್ ಕಟ್ಟಿ, ಇಪ್ಪತ್ತು ಸಂಸಾರದ ಹಣ ಸೇರಿಸಿ ಕುಬೇರನನ್ನೇ ಸೋಲಿಸಬಹುದಲ್ಲ? ಖಂಡಿತ. ಅದನ್ನು ತಡೆಯುವುದು ಕಟ್ಟಡ ನಿಯಮ. ಎಷ್ಟು ಅಂತಸ್ತು, ಎಷ್ಟು ಖಾಲಿ ಜಾಗ, ಒಂದು ಸೈಟಿನಲ್ಲಿ ಎಷ್ಟು ಕುಟುಂಬ ಅನ್ನುವುದನ್ನೆಲ್ಲ ಅದು ಹಿಡಿದಿಡುತ್ತದೆ. ಇಂಥ ನಿಯಮ ಮಾಡುವ ಅಧಿಕಾರವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1926ರಲ್ಲಿ ಎತ್ತಿಹಿಡಿಯಿತು. ಓಹಾಯೊ ರಾಜ್ಯದ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆ ಅದು. ತೀರ್ಪು ಬರೆದ ನ್ಯಾಯಮೂರ್ತಿ ಜಾರ್ಜ್ ಸದರ್ಲ್ಯಾಂಡ್, ಒಂಟಿ ಮನೆಗಳ ಬಡಾವಣೆಗೆ ಬರುವ ಅಪಾರ್ಟ್‌ಮೆಂಟ್ ಕಟ್ಟಡ ಎಷ್ಟೋ ಸಲ ಬರೀ ಪರಾವಲಂಬಿ ಎಂದು ಬರೆದ. ಮನುಷ್ಯರು ವಾಸ ಮಾಡುವ ಕಟ್ಟಡಕ್ಕೆ ಮರದ ಮೇಲಿನ ಬಂದಳಿಕೆಯ ಹೋಲಿಕೆ! ಆ ತೀರ್ಪಿನ ನೆರಳು ಅಲ್ಲಿನ ನಗರಗಳ ನಕ್ಷೆಯ ಮೇಲೆ ಇಂದಿಗೂ ಇದೆ.

ಹರಾಜು ಒಂದೇ ಸಲಕ್ಕೆ ಮುಗಿಯುವುದೂ ಇಲ್ಲ. ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ 1964ರಲ್ಲಿ ಲಂಡನ್ನಿನ ಕೂಲಿಕಾರರ ಕೇರಿಗಳಿಗೆ ಮಧ್ಯಮ ವರ್ಗ ನುಗ್ಗುವುದನ್ನು ಕಂಡು ಅದಕ್ಕೆ 'ಜೆಂಟ್ರಿಫಿಕೇಶನ್' ಎಂದು ಹೆಸರಿಟ್ಟರು. ಅಲ್ಲಿಗೆ ಕಥೆ ಮುಗಿಯಿತು ಅಂತ ಬಹಳ ಜನ ಅಂದುಕೊಂಡಿದ್ದರು. ಭೂಗೋಳತಜ್ಞೆ ಲೊರೆಟ್ಟಾ ಲೀಸ್ 2003ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಹೈಟ್ಸ್ ಬಗ್ಗೆ ಬರೆದಾಗ ಎರಡನೇ ಅಂಕ ಕಾಣಿಸಿತು. ಹಿಂದೆ ಹಳೇ ಮನೆಗಳನ್ನು ಕೊಂಡು ರಿಪೇರಿ ಮಾಡಿಸಿಕೊಂಡಿದ್ದ ಮಧ್ಯಮ ವರ್ಗದವರ ಜಾಗಕ್ಕೆ ಈಗ ಹಣಕಾಸು ಲೋಕದ ಭಾರೀ ಸಂಬಳದವರು ಬರುತ್ತಿದ್ದರು. ಇದನ್ನು ಅವರು 'ಸೂಪರ್ ಜೆಂಟ್ರಿಫಿಕೇಶನ್' ಎಂದು ಕರೆದರು. ಅನುಕೂಲಸ್ಥರನ್ನು ಕುಬೇರರು ಸರಿಸುವ ಆಟ. ಹೀಗೆ ಸರಿದವರು ಬರಿಗೈಯಲ್ಲಿ ಹೋಗಬೇಕಿಲ್ಲ, ಸ್ವಂತ ಮನೆ ಇದ್ದವರು ಒಳ್ಳೆ ದುಡ್ಡಿಗೇ ಮಾರಿ ಹೋಗುತ್ತಾರೆ. ಆದ್ದರಿಂದ ಇದರ ಸದ್ದು ಕಡಿಮೆ.

ಇಷ್ಟು ಜನ ಬಂದು ಹೋದರೂ ಜಾಗದ ಹೆಸರು ಮಾತ್ರ ವಿಚಿತ್ರವಾಗಿ ಗಟ್ಟಿ. ಇಂಗ್ಲೆಂಡಿನ ಎಷ್ಟೋ ಹಳೇ ನಗರಗಳಲ್ಲಿ ಪಶ್ಚಿಮ ದಿಕ್ಕು ಶ್ರೀಮಂತರದು, ಪೂರ್ವ ಬಡವರದು. ಕಾರಣ ಗಾಳಿ ಅನ್ನುತ್ತಾರೆ ಸ್ಟೆಫನ್ ಹೆಬ್ಲಿಷ್, ಅಲೆಕ್ಸ್ ಟ್ರೂ ಮತ್ತು ಯಾನೋಸ್ ಜಿಲ್ಬರ್‌ಬರ್ಗ್ ಎಂಬ ಅರ್ಥಶಾಸ್ತ್ರಜ್ಞರು. ಅಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದ ಕಡೆಯಿಂದ ಬೀಸುತ್ತದೆ, ಕಲ್ಲಿದ್ದಲ ಹೊಗೆಯನ್ನು ಪೂರ್ವಕ್ಕೆ ತಳ್ಳುತ್ತದೆ. ಅವರು ಹಳೆಯ ನಕ್ಷೆಗಳಲ್ಲಿ 70 ನಗರಗಳ ಸುಮಾರು 5,000 ಕಾರ್ಖಾನೆ ಚಿಮಣಿಗಳನ್ನು ಒಂದೊಂದಾಗಿ ಗುರುತಿಸಿ, ಹೊಗೆ ಎಲ್ಲೆಲ್ಲಿ ಹರಡಿರಬಹುದು ಎಂದು ಲೆಕ್ಕ ಹಾಕಿದರು. ಹೊಗೆ ಕವಿದ ಕಡೆ ಬಡವರು, ಕವಿಯದ ಕಡೆ ಉಳ್ಳವರು. ಬ್ರಿಟನ್ 1956ರಲ್ಲಿ ಶುದ್ಧ ಗಾಳಿ ಕಾನೂನು ತಂದಿತು, ಚಿಮಣಿಗಳು ಒಂದೊಂದಾಗಿ ತಣ್ಣಗಾದವು. ಆದರೂ ಆ ಹೊಗೆ ಎಳೆದ ಗೆರೆ ಅನೇಕ ಕಡೆ ಅಳಿಸಿಲ್ಲ. ಒಳ್ಳೆಯ ಮನೆ, ಒಳ್ಳೆಯ ಶಾಲೆ, ಅಗಲ ಬೀದಿ ಒಂದು ಕಡೆ ಕಟ್ಟಿ ಮುಗಿದಿತ್ತು. ಹೊಗೆ ಹೋದ ಮೇಲೂ ಹಣ ಅವನ್ನೇ ಹುಡುಕಿಕೊಂಡು ಬಂತು.

ಜನ ಬದಲಾಗುವ ಮುಂದಿನ ದೊಡ್ಡ ಅಲೆಯ ಹೊತ್ತನ್ನು ಮಾತ್ರ ಪಂಚಾಂಗ ನೋಡಿದಷ್ಟು ಸುಲಭವಾಗಿ ಹೇಳಬಹುದು. ಯುದ್ಧದ ನಂತರ ಅಮೆರಿಕದಲ್ಲಿ ಹುಟ್ಟಿದ ದೊಡ್ಡ ತಲೆಮಾರು 1946ರಿಂದ 1964ರ ನಡುವಿನದು. ಅವರಲ್ಲಿ ಮೊದಲಿನವರಿಗೆ 2026ರಲ್ಲಿ 80 ತುಂಬುತ್ತದೆ. ಬೀಗ ಬಿದ್ದಿದ್ದ ಅವರ ಮನೆಗಳು ಇನ್ನು ಇಪ್ಪತ್ತು ವರ್ಷದಲ್ಲಿ ಸಾಲುಸಾಲಾಗಿ ಕೈ ಬದಲಾಗುತ್ತವೆ. ಕೆಲವು ಮಕ್ಕಳ ಪಾಲಿಗೆ ಹೋಗುತ್ತವೆ, ಆ ಮಕ್ಕಳಿಗೂ ಆಗಲೇ ಐವತ್ತು ಅರವತ್ತು. ಕೆಲವನ್ನು ಪಕ್ಕದ ಮನೆಯವರೇ ಕೊಂಡು ನಡುವಿನ ಗೋಡೆ ಒಡೆಯುತ್ತಾರೆ. ಕಟ್ಟಡ ನಿಯಮ ಸಡಿಲವಾದ ಕಡೆ ಮಾತ್ರ ಒಂದು ಬಾಗಿಲಿನ ಪಕ್ಕ ಮತ್ತೆ ಐದು ಬೆಲ್ ಗುಂಡಿ ಕಾಣಿಸಿಕೊಳ್ಳುತ್ತವೆ.